ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಲ್ಲಿ ಕೆಟಲ್ ಸೌರ್: ಎರಡು ಕುದಿಗಳ ನಡುವಿನ ಮೂವತ್ತಾರು ಗಂಟೆ

ಕೊಳದಪ್ಪಲೆ · ನ್ಯೂಜೆರ್ಸಿ

ಹುಳಿ ಬಿಯರ್ ಅಂದ ತಕ್ಷಣ ಮರದ ಪೀಪಾಯಿ, ಎರಡು ಮೂರು ವರ್ಷ ಕಾಯುವುದು ಅಂತ ಹೆದರಿ ಕೈಬಿಡುವವರೇ ಜಾಸ್ತಿ. ಬೆಲ್ಜಿಯಂನ ಲ್ಯಾಂಬಿಕ್‌ಗೆ ಆ ಮಾತು ಸರಿ. ಬರ್ಲಿನರ್ ವೈಸೆ, ಗೋಸೆ ಥರದ ಜರ್ಮನ್ ಹುಳಿ ಬಿಯರುಗಳನ್ನು ಮನೆಯಲ್ಲಿ ಮಾಡಲು ಅಷ್ಟು ದೂರ ಹೋಗಬೇಕಿಲ್ಲ. ವರ್ಟ್ (ಬಿಯರ್ ಆಗುವ ಸಿಹಿ ಮಾಲ್ಟ್ ನೀರು) ಕುದಿಸುವ ಪಾತ್ರೆಯಲ್ಲೇ ಲ್ಯಾಕ್ಟೋ, ಅಂದರೆ ಲ್ಯಾಕ್ಟಿಕ್ ಆಸಿಡ್ ಮಾಡುವ ಬ್ಯಾಕ್ಟೀರಿಯಾ, ಹಾಕಿ ಹುಳಿ ಬರಿಸಿ, ಮತ್ತೆ ಕುದಿಸಿ ಅದನ್ನು ಸಾಯಿಸಿ, ಆಮೇಲೆ ಯೀಸ್ಟ್. ಇದೇ ಕೆಟಲ್ ಸೌರ್. ಮೂರು ವಾರಕ್ಕೆ ಬಾಟಲಿ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಧಾನ್ಯದ ಸಾರ ಬತ್ತಿಸಿದ್ದು) ಆದರೆ ಧಾನ್ಯವನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ತೆಗೆಯುವ ಮ್ಯಾಶ್ ಗೋಜೂ ಇಲ್ಲ.

19 ಲೀಟರ್‌ಗೆ ಲೆಕ್ಕ ಕೊಡುತ್ತೇನೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಇಲ್ಲದ ಗೋಧಿ ಡಿಎಂಇ, ಅಂದರೆ ಒಣ ಮಾಲ್ಟ್ ಪುಡಿ, 1.8 ಕೆಜಿ. ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದಾಗ ವರ್ಟ್‌ನ ಸಾಂದ್ರತೆ, 1.035ರ ಆಸುಪಾಸು ನಿಲ್ಲುತ್ತದೆ; ಇದನ್ನೇ 35 ಪಾಯಿಂಟ್ ಅನ್ನುವುದು. ಒಂದು ಕೆಜಿ ಡಿಎಂಇ 10 ಲೀಟರ್‌ಗೆ ಸುಮಾರು 37 ಪಾಯಿಂಟ್ ಕೊಡುತ್ತದೆ ಅಂತ ನೆನಪಿಟ್ಟರೆ ಯಾವ ಅಳತೆಗೂ ಲೆಕ್ಕ ಹಾಕಿಕೊಳ್ಳಬಹುದು. ಪಾಕದ ರೂಪದ ಎಲ್‌ಎಂಇ ಆದರೆ 30 ಪಾಯಿಂಟ್. ಅದೇ ಬಿಯರಿಗೆ 2.2 ಕೆಜಿ ಬೇಕು. ಎಲ್‌ಎಂಇ ಹಳೆಯದಾದಷ್ಟೂ ಬಣ್ಣ ಕಪ್ಪಾಗಿ ಬೆಲ್ಲದ ಪಾಕದಂಥ ರುಚಿ ಬರುತ್ತದೆ. ಇಷ್ಟು ತೆಳು ಬಿಯರಿನಲ್ಲಿ ಅದನ್ನು ಮರೆಸಲು ಬೇರೇನೂ ಇರುವುದಿಲ್ಲ, ಹಾಗಾಗಿ ಪುಡಿಯೇ ವಾಸಿ.

28 ಲೀಟರ್ ಪಾತ್ರೆಯಲ್ಲಿ 21 ಲೀಟರ್ ನೀರು. ಎಕ್ಸ್‌ಟ್ರಾಕ್ಟ್ ತಯಾರಿಸಿದ ನೀರಿನ ಖನಿಜಗಳೆಲ್ಲ ಪುಡಿಯಲ್ಲೇ ಉಳಿದಿರುತ್ತವೆ, ಆದ್ದರಿಂದ ಆರ್‌ಓ ನೀರು ಸಾಕು. ನಲ್ಲಿ ನೀರಾದರೆ ಕ್ಲೋರಮಿನ್ ತೆಗೆಯಲು ಅರ್ಧ ಕ್ಯಾಂಪ್ಡನ್ ಮಾತ್ರೆ ಪುಡಿ ಮಾಡಿ ಹಾಕಿ. ಕುದಿಯುವ ನೀರಿಗೆ ಡಿಎಂಇ ಸುರಿಯಬೇಡಿ. ಹಬೆ ತಗುಲಿದ ಕೂಡಲೇ ಪುಡಿ ಪ್ಯಾಕೆಟ್ಟಿನ ಬಾಯಲ್ಲೇ ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ನೀರು ಉಗುರುಬೆಚ್ಚಗಿದ್ದಾಗ ಹಾಕಿ ಕದಡಿ, ಗಂಟೆಲ್ಲ ಕರಗಿದ ಮೇಲೆ ಉರಿ ಹಚ್ಚಿ. ಗೋಧಿ ವರ್ಟ್ ಹಾಲಿನ ಥರ ಒಂದೇ ಕ್ಷಣದಲ್ಲಿ ಉಕ್ಕುತ್ತದೆ, ಪಕ್ಕದಿಂದ ಕದಲಬಾರದು.

ಹತ್ತು ನಿಮಿಷ ಕುದಿಸಿದರೆ ಸಾಕು. ಕಾರ್ಖಾನೆಯಲ್ಲಿ ಆಗಲೇ ಕಾಯಿಸಿ ಬತ್ತಿಸಿರುವುದರಿಂದ ಬೇಯಿಸಿದ ಜೋಳದ ವಾಸನೆ ಕೊಡುವ ಡಿಎಂಎಸ್ ಭಯ ಇಲ್ಲ, ಒಂದು ಗಂಟೆ ಕುದಿ ಅನಗತ್ಯ. ಈ ಕುದಿ ಇರುವುದು ಪುಡಿ, ನೀರು, ಪಾತ್ರೆಯಲ್ಲಿದ್ದ ಬೇಡದ ಜೀವಿಗಳನ್ನು ಸಾಯಿಸಲಿಕ್ಕೆ ಮಾತ್ರ. ಹಾಪ್ಸ್ ಒಂದು ಎಸಳೂ ಬೇಡ.

36–38 ಡಿಗ್ರಿಗೆ ತಣಿಸಿ. ಬ್ಯಾಕ್ಟೀರಿಯಾ ಹಾಕುವ ಮುಂಚೆ 88 ಪರ್ಸೆಂಟ್ ಲ್ಯಾಕ್ಟಿಕ್ ಆಸಿಡ್‌ನಿಂದ ಪಿಎಚ್ (ಸಂಖ್ಯೆ ಇಳಿದಷ್ಟೂ ಆಮ್ಲ ಜಾಸ್ತಿ) 4.4ಕ್ಕೆ ಇಳಿಸಿ. 8ರಿಂದ 12 ಮಿ.ಲೀ. ಹಿಡಿಯಬಹುದು, ನೀರಿನ ಮೇಲೆ ಹೋಗುತ್ತದೆ. ಮೊದಲು 5 ಹಾಕಿ, ಕಲಕಿ, ಅಳೆದು, ಆಮೇಲೆ ಎರಡೆರಡೇ ಮಿ.ಲೀ. ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಕೆಡುವ ಬ್ಯಾಚುಗಳಲ್ಲಿ ಬಹುಪಾಲು ಇಲ್ಲೇ ಕೆಡುವುದು.

ಆಮೇಲೆ ಲ್ಯಾಕ್ಟೋ ಹಾಕಿ. ವರ್ಟ್ ಮೇಲೆ ಸ್ಯಾನಿಟೈಸ್ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಅಂಟುವ ಹಾಗೆ ಹಾಸಿ, ಮುಚ್ಚಳ ಮುಚ್ಚಿ, ಸುತ್ತ ಟೇಪ್. 35 ಡಿಗ್ರಿ ಬಿಡದ ಹಾಗೆ 24ರಿಂದ 48 ಗಂಟೆ. ಪಿಎಚ್ 3.4 ತಲುಪಿದಾಗ ಮತ್ತೆ 15 ನಿಮಿಷ ಕುದಿಸಿ. ಇಲ್ಲಿ ಬೇಕಾದರೆ 4 ಪರ್ಸೆಂಟ್ ಆಲ್ಫಾ (ಕಹಿ ಕೊಡುವ ಆಸಿಡ್) ಇರುವ ಹಾಪ್ಸ್ 10 ಗ್ರಾಂ, ಸುಮಾರು 3 ಐಬಿಯು; ಐಬಿಯು ಅಂದರೆ ಕಹಿಯ ಅಳತೆ. ತಣಿಸಿ, ಫರ್ಮೆಂಟರ್‌ಗೆ (ಹುದುಗಿಸುವ ಪಾತ್ರೆ) ಇಳಿಸಿ, ಚೆನ್ನಾಗಿ ಅಲುಗಿಸಿ ಗಾಳಿ ತುಂಬಿ, ಯೀಸ್ಟ್. ಯೀಸ್ಟ್ ವಿಷಯ ಕೆಳಗೆ ಬೇರೆ ಬರೆಯುತ್ತೇನೆ.


ಜಯನಗರ4ನೇಬ್ಲಾಕ್ · ಬೆಂಗಳೂರು

ಸರ್, ಸೂಪರ್. ಇದನ್ನ ಬೆಂಗಳೂರಲ್ಲಿ ಮನೇಲಿ ಮಾಡಬಹುದಾ? ಡಿಎಂಇ ಆನ್‌ಲೈನಲ್ಲಿ ಸಿಗುತ್ತೆ. ಲ್ಯಾಕ್ಟೋ ಬದಲು ಮನೆ ಮೊಸರು ಅಥವಾ ದೋಸೆ ಹಿಟ್ಟು ಹಾಕಿದ್ರೆ ಆಗುತ್ತಾ?


ಕೊಳದಪ್ಪಲೆ · ನ್ಯೂಜೆರ್ಸಿ

ಮೊದಲ ಪ್ರಶ್ನೆಗೆ ನೇರ ಉತ್ತರ: ಆಗುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆ ಬಳಕೆಗೆ ಅಂದರೂ ಅಷ್ಟೇ. ಅಮೆರಿಕದಲ್ಲಿ 1978ರ ಕಾನೂನಿನ ನಂತರ ಫೆಡರಲ್ ಮಟ್ಟದಲ್ಲಿ ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ವಯಸ್ಕರು ಇಬ್ಬರೋ ಹೆಚ್ಚೋ ಇರುವ ಮನೆಗೆ 200 ಗ್ಯಾಲನ್; ಮಾರುವ ಹಾಗಿಲ್ಲ. ಬೆಂಗಳೂರಿನಲ್ಲಿ ಇರುವವರು ಮೈಕ್ರೋಬ್ರೂವರಿಗಳಲ್ಲಿ ಹುಳಿ ಬಿಯರ್ ಹಾಕಿದಾಗ ಕುಡಿದು ನೋಡಿ. ಮೊಸರಿನ ವಿಷಯ ಸೂಕ್ಷ್ಮಾಣು ಮೇಡಂ ಹೇಳಿದರೆ ಚೆನ್ನ.


ಸೂಕ್ಷ್ಮಾಣು · ಲೀಡ್ಸ್

ದೋಸೆ ಹಿಟ್ಟು ಬೇಡವೇ ಬೇಡ. ಅದರಲ್ಲಿ ಮುಂದಾಗಿ ಕೆಲಸ ಮಾಡುವುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಹಿಟ್ಟು ಉಬ್ಬುವುದೇ ಅದು ಬಿಡುವ ಗ್ಯಾಸಿನಿಂದ. ನಮಗೆ ಬೇಕಾಗಿರುವುದು ಗ್ಯಾಸ್ ಬಿಡದೆ ಬರೀ ಲ್ಯಾಕ್ಟಿಕ್ ಆಸಿಡ್ ಮಾಡುವ ಜಾತಿ. ಜೊತೆಗೆ ಹಿಟ್ಟಿನಲ್ಲಿ ಯೀಸ್ಟ್, ಬೇಳೆ ಅಕ್ಕಿಯಿಂದ ಬಂದ ಇನ್ನೂ ಹತ್ತು ಹಲವು ಇರುತ್ತವೆ. ಇಡ್ಲಿಯನ್ನು ಹಬೆಯಲ್ಲಿ ಬೇಯಿಸಿಬಿಡುತ್ತೇವೆ, ಅಲ್ಲಿ ನಡೆಯುತ್ತದೆ. ಇಲ್ಲಿ 35 ಡಿಗ್ರಿಯಲ್ಲಿ ಒಂದೂವರೆ ದಿನ ಬೆಳೆಯಲು ಬಿಟ್ಟರೆ ಯಾವುದು ಗೆಲ್ಲುತ್ತದೆ ಅಂತ ಹೇಳಲಾಗದು.

ಮೊಸರಿನದು ಬೇರೆ ತೊಂದರೆ. ಅಂಗಡಿ ಯೋಗರ್ಟ್‌ನ ಲ್ಯಾಕ್ಟೋಬ್ಯಾಸಿಲಸ್ ಬಲ್ಗ್ಯಾರಿಕಸ್ ಹಾಲಿನ ಸಕ್ಕರೆಗೆ ಒಗ್ಗಿದ್ದು, ಮಾಲ್ಟ್‌ನ ಸಕ್ಕರೆಯಾದ ಮಾಲ್ಟೋಸ್ ಅದಕ್ಕೆ ದಕ್ಕುವುದಿಲ್ಲ. ವರ್ಟ್‌ನಲ್ಲಿ ಹೆಚ್ಚಿಗೆ ಇರುವುದೇ ಮಾಲ್ಟೋಸ್. ಇರುವ ಸ್ವಲ್ಪ ಗ್ಲೂಕೋಸ್ ತಿಂದು ಅರ್ಧ ಹುಳಿಗೆ ನಿಂತುಬಿಡುತ್ತದೆ. ಮನೆ ಹೆಪ್ಪಿನಲ್ಲಿ ಏನೇನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಎಕ್ಸ್‌ಟ್ರಾಕ್ಟ್ ವರ್ಟ್‌ಗೆ ಹೇಳಿ ಮಾಡಿಸಿದ್ದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದಾಗ ಇದರ ಹೆಸರು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಆಯಿತು. ಡಬ್ಬಿಗಳ ಮೇಲೆ ಹಳೆಯ ಹೆಸರೇ ಇದ್ದರೂ ಅದೇ ಇದು. ಮಾಲ್ಟೋಸ್ ತಿನ್ನುತ್ತದೆ, 30–38 ಡಿಗ್ರಿಯಲ್ಲಿ ಆರಾಮಾಗಿರುತ್ತದೆ, ಗ್ಯಾಸ್ ಇಲ್ಲ. ಎಲ್ಲಿ ಸಿಗುತ್ತದೆ: ಲ್ಯಾಲ್ಮಾಂಡ್ ಕಂಪನಿಯ ವೈಲ್ಡ್‌ಬ್ರೂ ಸೌರ್ ಪಿಚ್ ಎಂಬ ಒಣ ಪುಡಿ, ಅಮೆರಿಕದಲ್ಲಾದರೆ ಗುಡ್‌ಬೆಲ್ಲಿ ಪಾನೀಯ, ಇಲ್ಲವೇ ಪ್ರೊಬಯೋಟಿಕ್ ಕ್ಯಾಪ್ಸೂಲ್. ಕ್ಯಾಪ್ಸೂಲ್ ತೆಗೆದುಕೊಳ್ಳುವಾಗ ಲೇಬಲ್ ಓದಿ, ಪ್ಲಾಂಟಾರಮ್ ಒಂದೇ ಇರಬೇಕು. ಕೆಲವದರಲ್ಲಿ ಸ್ಯಾಕರೋಮೈಸಿಸ್ ಬೌಲಾರ್ಡಿ ಅಂತ ಇರುತ್ತದೆ, ಅದು ಯೀಸ್ಟ್, ಹುಳಿ ಬರುವ ಮೊದಲೇ ಆಲ್ಕೋಹಾಲ್ ಶುರು ಮಾಡುತ್ತದೆ.

ತಲಾ 1000 ಕೋಟಿ ಜೀವಕೋಶ ಇರುವ ಹತ್ತು ಕ್ಯಾಪ್ಸೂಲ್ ಬಿಚ್ಚಿ 19 ಲೀಟರ್‌ಗೆ ಉದುರಿಸಿದರೆ ಮಿ.ಲೀ.ಗೆ ಸುಮಾರು 50 ಲಕ್ಷ ಬೀಳುತ್ತದೆ. ಸಾಕು. ಹಳೆಯ ಸ್ಟಾಕ್ ಅನುಮಾನ ಇದ್ದರೆ ಹಿಂದಿನ ದಿನ ಸ್ಟಾರ್ಟರ್, ಅಂದರೆ ಹೆಪ್ಪಿನಂಥದ್ದು, ಮಾಡಿ: ಒಂದು ಲೀಟರ್ ನೀರಿಗೆ 100 ಗ್ರಾಂ ಡಿಎಂಇ ಕುದಿಸಿ ತಣಿಸಿ, ಆಹಾರ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ಟೀ ಚಮಚ, ಕ್ಯಾಪ್ಸೂಲ್, 35 ಡಿಗ್ರಿ, 24 ಗಂಟೆ. ಆ ಕಾರ್ಬೊನೇಟ್ ಪುಡಿ ಆಸಿಡ್ ಹೀರುತ್ತಾ ಹೋಗುವುದರಿಂದ ಬ್ಯಾಕ್ಟೀರಿಯಾ ತನ್ನದೇ ಹುಳಿಯಲ್ಲಿ ಬೇಗ ಮಂಕಾಗುವುದಿಲ್ಲ. ಇನ್‌ಸ್ಟಂಟ್ ಪಾಟ್‌ನ ಯೋಗರ್ಟ್ ಮೋಡಿನಲ್ಲಿ ಉಷ್ಣತೆ ಕಡಿಮೆ ಮಾಡಿ ಇಟ್ಟರೆ ನಡೆಯುತ್ತದೆ. ಅದು ತಾನಾಗಿ ಇಡುವ ಬಿಸಿ ಪ್ಲಾಂಟಾರಮ್‌ಗೆ ಹೆಚ್ಚು.


ಖಡಕ್‌ರೊಟ್ಟಿ · ಡಲ್ಲಾಸ್

ವಾಂತಿ ವಾಸನಿ ಬಂತು ಅಂತ ಬ್ಯಾಚ್ ಚೆಲ್ಲೋರು ಭಾಳ ಮಂದಿ ಅದಾರ. ಗಾಳಿ ಹೊಕ್ಕಿದ್ದಕ್ಕ ಹಂಗಾಗ್ತದ, ಸಿಓ2 ತುಂಬಿಸಿ ಇಡ್ರಿ ಅಂತ ಎಲ್ಲಾ ಕಡೆ ಬರದಿರ್ತಾರ. ಮೇಡಂ, ಇದು ಖರೇನೇ?


ಸೂಕ್ಷ್ಮಾಣು · ಲೀಡ್ಸ್

ಅರ್ಧ ಖರೆ. ವಾಂತಿ ವಾಸನೆ ಬ್ಯೂಟಿರಿಕ್ ಆಸಿಡ್‌ನದು. ಅದನ್ನು ಮಾಡುವವರಲ್ಲಿ ಮುಖ್ಯ ಕ್ಲಾಸ್ಟ್ರಿಡಿಯಂ, ಅದಕ್ಕೆ ಗಾಳಿಯೇ ಆಗದು. ಸಿಓ2 ತುಂಬಿಸಿದರೆ ಅದಕ್ಕೆ ಹಬ್ಬ. ಅದರ ಬೀಜಕಣ ಕುದಿಯಲ್ಲೂ ಸಾಯುವುದಿಲ್ಲ. ಅದನ್ನು ಕಟ್ಟಿಹಾಕುವುದು ಪಿಎಚ್. ಅದಕ್ಕೇ ಮೇಲಿನ 4.4. ಬ್ಯಾಕ್ಟೀರಿಯಾ ತಾನಾಗಿ 5.4ರಿಂದ 4.5ಕ್ಕೆ ತರಲು ಆರೆಂಟು ಗಂಟೆ ತೆಗೆದುಕೊಂಡರೆ ಆ ಅವಧಿ ಪೂರ್ತಿ ಬಾಗಿಲು ತೆರೆದಂತೆ. ಆಸಿಡ್ ಹಾಕಿ ಇಳಿಸಿದರೆ ಆ ಬಾಗಿಲೇ ಇರುವುದಿಲ್ಲ.

ಗಾಳಿಯಿಂದ ಬರುವ ತೊಂದರೆ ಬೇರೆ: ಬೂಷ್ಟು, ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್, ಮೇಲ್ಮೈಯಲ್ಲಿ ಬೆಳೆಯುವ ಕಾಡು ಯೀಸ್ಟ್. ಅದಕ್ಕೆ ಪ್ಲಾಸ್ಟಿಕ್ ಹಾಳೆ ಸಾಕು. ಸಿಲಿಂಡರ್ ಇದ್ದವರು ಸಿಓ2 ಬಿಡಲಿ, ಬೇಡ ಅನ್ನುವುದಿಲ್ಲ; ಆಸಿಡ್ ಬದಲಿಗೆ ಅದು ಅಲ್ಲ, ಅಷ್ಟೇ.

ಇನ್ನೊಂದು ಮಾತು. ಪಿಎಚ್ 4.5ಕ್ಕಿಂತ ಕೆಳಗೆ ಬರುವ ತನಕ ರುಚಿ ನೋಡುವ ಆಸೆ ಬೇಡ. ಕೆಟ್ಟ ವಾಸನೆ ಇದ್ದರೆ ಆಮೇಲೂ ಬೇಡ. ಸರಿಯಾದ ವಾಸನೆ ಸಪ್ಪೆ ಮಜ್ಜಿಗೆ, ಹಸಿ ಹಿಟ್ಟು, ಸ್ವಲ್ಪ ನಿಂಬೆ.


ಪುನರ್ಪುಳಿ · ಟೊರೊಂಟೊ

ಮಾರಾಯ್ರೆ, 28 ಲೀಟರ್ ಪಾತ್ರೆ ಎಲ್ಲರ ಹತ್ರ ಎಲ್ಲುಂಟು? ಅಪಾರ್ಟ್‌ಮೆಂಟಿನ ಒಲೆಗೆ 12 ಲೀಟರಿನದ್ದೇ ದೊಡ್ಡದು. 9 ಲೀಟರಿನಲ್ಲಿ ಪೂರಾ 1.8 ಕೆಜಿ ಕರಗಿಸಿ ಹುಳಿ ಬರಿಸಿ, ಆಮೇಲೆ ಫರ್ಮೆಂಟರಿನಲ್ಲಿ ನೀರು ಹಾಕಿ 19 ಮಾಡಿದ್ರೆ ಆಗ್ಲಿಕ್ಕಿಲ್ವಾ? ಪಿಎಚ್ ಅಂತೂ ಹೆಚ್ಚು ಏರುವುದಿಲ್ಲ ಅಂತ ಲೆಕ್ಕ ಹೇಳ್ತದೆ.


ಕೊಳದಪ್ಪಲೆ · ನ್ಯೂಜೆರ್ಸಿ

ಪಿಎಚ್ ಹೆಚ್ಚು ಏರುವುದಿಲ್ಲ ನಿಜ, ಆದರೆ ಹುಳಿ ಅರ್ಧ ಆಗುತ್ತದೆ. ಇಲ್ಲೇ ತುಂಬ ಜನ ಎಡವುವುದು. ನಾಲಿಗೆ ಗುರುತಿಸುವುದು ಮೀಟರಿನ ಸಂಖ್ಯೆಯನ್ನಲ್ಲ, ಲೀಟರಿಗೆ ಎಷ್ಟು ಗ್ರಾಂ ಆಸಿಡ್ ಇದೆ ಅನ್ನುವುದನ್ನು. ವರ್ಟ್‌ಗೆ ಬಫರ್ ಗುಣ (ಪಿಎಚ್ ಸುಲಭಕ್ಕೆ ಬದಲಾಗದಂತೆ ತಡೆಯುವುದು) ಇರುವುದರಿಂದ ಒಂದಕ್ಕೆ ಒಂದು ನೀರು ಬೆರೆಸಿದರೂ ಪಿಎಚ್ 3.4ರಿಂದ ಚೂರೇ ಚೂರು ಮೇಲೆ ಹೋಗುತ್ತದೆ. ಮೀಟರ್ ನೋಡಿದರೆ ಎಲ್ಲ ಸರಿ. ಕುಡಿದರೆ ನೀರು ಮಜ್ಜಿಗೆ.

ಇನ್ನೊಂದು ಅಡ್ಡಿ: 9 ಲೀಟರ್‌ಗೆ 1.8 ಕೆಜಿ ಅಂದರೆ 1.073. ಅಷ್ಟು ಸಿಹಿಯಲ್ಲಿ ಲ್ಯಾಕ್ಟೋ ನಿಧಾನ.

ದಾರಿ ಎರಡು. ಮೊದಲನೆಯದು, 9 ಲೀಟರ್ ಬಿಯರ್‌ಗೆ ತೃಪ್ತಿಪಡುವುದು: 850 ಗ್ರಾಂ ಡಿಎಂಇ, ಉಳಿದದ್ದೆಲ್ಲ ಅರ್ಧ. ಮೊದಲ ಸಲಕ್ಕೆ ಇದೇ ಒಳ್ಳೆಯದು. ಎರಡನೆಯದು, 10 ಲೀಟರ್‌ಗೆ 1.2 ಕೆಜಿ ಹಾಕಿ 1.044ರಲ್ಲಿ ಹುಳಿ ಬರಿಸಿ, 3.4ಕ್ಕೆ ನಿಲ್ಲಿಸದೆ ಪ್ಲಾಂಟಾರಮ್ ಹೋಗುವಷ್ಟು, ಅಂದರೆ 3.2ರ ಹತ್ತಿರ ಬಿಡಿ. ಎರಡನೇ ಕುದಿಯಲ್ಲಿ ಇನ್ನು 300 ಗ್ರಾಂ ಡಿಎಂಇ ಸೇರಿಸಿ, ಫರ್ಮೆಂಟರಿನಲ್ಲಿ ನೀರು ಹಾಕಿ 15–16 ಲೀಟರ್‌ಗೆ ನಿಲ್ಲಿಸಿ. 19ರ ಆಸೆ ಬಿಡಿ. ಸೇರಿಸುವ ನೀರು ಕುದಿಸಿ ಆರಿಸಿದ್ದಿರಲಿ. ನೀರು ಬೆರೆಸುವ ಮೊದಲು ಒಂದು ಲೋಟದಲ್ಲಿ ಅದೇ ಪ್ರಮಾಣಕ್ಕೆ ಬೆರೆಸಿ ಕುಡಿದು ನೋಡಿ. ಆ ಲೋಟದಲ್ಲಿ ಸಿಹಿಯ ಹಿಂದೆ ಹುಳಿ ಎದ್ದು ಕಾಣಬೇಕು. ಯೀಸ್ಟ್ ಸಿಹಿ ತಿಂದ ಮೇಲೆ ಅದೇ ಹುಳಿ ಇನ್ನೂ ಮೊನಚಾಗಿ ಕಾಣುತ್ತದೆ.


ಈಸಾರ್‌ದಡ · ಮ್ಯೂನಿಕ್

ಮೀಟರ್ ವಿಷಯಕ್ಕೆ ಒಂದು ಸೇರ್ಪಡೆ. ಲಿಟ್ಮಸ್ ಥರದ ಪಟ್ಟಿಗಳು ಈ ಕೆಲಸಕ್ಕೆ ಬಾರವು, 3.3ಕ್ಕೂ 3.7ಕ್ಕೂ ಬಣ್ಣದ ವ್ಯತ್ಯಾಸ ಹೇಳುವುದೇ ಕಷ್ಟ. ಮೀಟರ್ ಅನ್ನು ಅದೇ ದಿನ 7.00 ಮತ್ತು 4.01 ಪಿಎಚ್‌ನ ಬಫರ್ ದ್ರಾವಣ ಎರಡರಲ್ಲೂ ಸರಿಹೊಂದಿಸಿ. ಸ್ಯಾಂಪಲ್ ಅನ್ನು 25 ಡಿಗ್ರಿಗೆ ಆರಿಸಿಯೇ ಅದ್ದಿ. ತಾಪಮಾನ ತಿದ್ದುಪಡಿ ಇರುವ ಮೀಟರ್ ತನ್ನ ಎಲೆಕ್ಟ್ರೋಡನ್ನು ಮಾತ್ರ ತಿದ್ದಿಕೊಳ್ಳುತ್ತದೆ, ಬಿಸಿಯಲ್ಲಿ ವರ್ಟ್‌ನ ಪಿಎಚ್ಚೇ ಬೇರೆ ಇರುತ್ತದೆ, ಅದನ್ನಲ್ಲ. ಎಲೆಕ್ಟ್ರೋಡ್ ತುದಿಯನ್ನು ಒಣಗಲು ಬಿಡಬೇಡಿ, ಶೇಖರಣಾ ದ್ರಾವಣದಲ್ಲೇ ಇರಲಿ.

ಇಲ್ಲಿನವರ ಗೋಸೆ ಬಗ್ಗೆ ಒಂದು ಸಾಲು: ಊರು ಗೊಸ್ಲಾರ್, ಹೆಸರು ಅಲ್ಲಿ ಹರಿಯುವ ಗೋಸೆ ನದಿಯದು, ಪ್ರಸಿದ್ಧಿ ತಂದದ್ದು ಲೈಪ್‌ಜಿಗ್. 1966ರಲ್ಲಿ ಅಲ್ಲಿ ತಯಾರಿಕೆ ನಿಂತೇ ಹೋಗಿ 1980ರ ದಶಕದಲ್ಲಿ ಮತ್ತೆ ಶುರುವಾಯಿತು. ಮಾಡುವವರಿಗೆ: 19 ಲೀಟರ್‌ಗೆ ಕೊತ್ತಂಬರಿ ಬೀಜ 18 ಗ್ರಾಂ, ಒರಳಲ್ಲಿ ಎರಡು ಹೋಳಾಗುವಷ್ಟೇ ಜಜ್ಜಿ, ಪುಡಿ ಬೇಡ; ಅಯೋಡಿನ್ ಇಲ್ಲದ ಉಪ್ಪು 11 ಗ್ರಾಂ. ಎರಡೂ ಎರಡನೇ ಕುದಿಯ ಕೊನೆಯ 5 ನಿಮಿಷಕ್ಕೆ. ನಮ್ಮ ಸಾರಿನ ಪುಡಿಗೆ ತರುವ ಬೀಜ ಹುರಿಯದೆ ಹಸಿಯಾಗಿಯೇ ಇರಬೇಕು. ಹುರಿದರೆ ಕಿತ್ತಳೆ ಸಿಪ್ಪೆಯ ವಾಸನೆ ಹೋಗಿ ಸಾರಿನ ವಾಸನೆ ಬರುತ್ತದೆ, ಬಿಯರ್ ಲೋಟದಲ್ಲಿ ಅದು ಯಾರಿಗೂ ಬೇಡ.


ಹೊಸಗಡಿಗೆ · ಸಿಯಾಟಲ್

ತುರ್ತು. 30 ಗಂಟೆ ಆಯ್ತು, ಪಿಎಚ್ 4.3ರಲ್ಲೇ ನಿಂತಿದೆ. ಆಸಿಡ್ ಹಾಕಿ 4.4ಕ್ಕೆ ಇಳಿಸಿದ್ದೆ. ಮೀಟರ್ ಇವತ್ತೇ ಸರಿಹೊಂದಿಸಿದ್ದು. ವಾಸನೆ ಏನೂ ಕೆಟ್ಟಿಲ್ಲ, ನೊರೆ ಇಲ್ಲ. ಇನ್ನೂ ಕ್ಯಾಪ್ಸೂಲ್ ಹಾಕಲಾ?


ಕೊಳದಪ್ಪಲೆ · ನ್ಯೂಜೆರ್ಸಿ

ತಡೀರಿ, ಇನ್ನೇನೂ ಹಾಕಬೇಡಿ. ನಾಲ್ಕು ಪ್ರಶ್ನೆ. ಬ್ಯಾಕ್ಟೀರಿಯಾ ಹಾಕಿದಾಗ ವರ್ಟ್ ಎಷ್ಟು ಡಿಗ್ರಿ ಇತ್ತು? ಈಗ ಪಾತ್ರೆಯ ನಡುವಿನ ಉಷ್ಣತೆ ಎಷ್ಟು, ಗೋಡೆ ಪಕ್ಕದ್ದಲ್ಲ? ಯಾವ ಕ್ಯಾಪ್ಸೂಲ್? ಎಕ್ಸ್‌ಟ್ರಾಕ್ಟ್ ಡಬ್ಬಿ ಮೇಲೆ ಏನು ಬರೆದಿದೆ, ಪದ ಬಿಡದೆ ಟೈಪ್ ಮಾಡಿ.


ಹೊಸಗಡಿಗೆ · ಸಿಯಾಟಲ್

37 ಡಿಗ್ರಿಗೆ ಹಾಕಿದೆ. ಓವನ್ನಿನಲ್ಲಿ ದೀಪ ಹಾಕಿ ಇಟ್ಟಿದೆ, ನಡುವೆ 34 ಇದೆ. ಪ್ಲಾಂಟಾರಮ್ ಮಾತ್ರ ಇರುವ ಕ್ಯಾಪ್ಸೂಲ್ 10. ಎಕ್ಸ್‌ಟ್ರಾಕ್ಟ್ 1.7 ಕೆಜಿ ಡಬ್ಬಿಯ ಪಾಕ, ಮೇಲೆ ದೊಡ್ಡದಾಗಿ ವೀಟ್ ಬಿಯರ್ ಅಂತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳು: ಗೋಧಿ ಮಾಲ್ಟ್, ಬಾರ್ಲಿ ಮಾಲ್ಟ್, ಹಾಪ್ ಎಕ್ಸ್‌ಟ್ರಾಕ್ಟ್.


ಖಡಕ್‌ರೊಟ್ಟಿ · ಡಲ್ಲಾಸ್

ಸಿಕ್ತು ನೋಡ್ರಿ. ಕಡೇ ಶಬ್ದ.


ಸೂಕ್ಷ್ಮಾಣು · ಲೀಡ್ಸ್

ಅದೇ. ಡಬ್ಬಿಯ ಮುಚ್ಚಳದ ಕೆಳಗೆ ಯೀಸ್ಟ್ ಪ್ಯಾಕೆಟ್ ಇಟ್ಟು ಮಾರುವ ಬಿಯರ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಹಾಪ್ಸ್ ಸೇರಿಸಿಯೇ ಇರುತ್ತಾರೆ, ಕುದಿಸುವ ಕೆಲಸ ಉಳಿಯಲಿ ಅಂತ. ಹಾಪ್ಸಿನ ಐಸೋ ಆಲ್ಫಾ ಆಸಿಡ್ ಲ್ಯಾಕ್ಟೋ ಜೀವಕೋಶದ ಪೊರೆಯನ್ನು ದಾಟಿ ಒಳಗಿನ ಪಿಎಚ್ ಕೆಡಿಸುತ್ತದೆ, ಅದು ಬೆಳೆಯಲಾರದು. ಪಿಎಚ್ ಕಡಿಮೆಯಾದಷ್ಟೂ ಈ ಪೆಟ್ಟು ಜೋರು, ಅಂದರೆ ನೀವು 4.4ಕ್ಕೆ ಇಳಿಸಿದ್ದೂ ಇಲ್ಲಿ ಹಾಪ್ಸಿನ ಪರವೇ ಆಯಿತು. ಹಲವು ಪ್ಲಾಂಟಾರಮ್ ತಳಿಗಳು ಐದಾರು ಐಬಿಯು ತಾಳುವುದೂ ಕಷ್ಟ. ಇನ್ನು ನೂರು ಕ್ಯಾಪ್ಸೂಲ್ ಹಾಕಿದರೂ ಇದೇ ಗತಿ.


ಹೊಸಗಡಿಗೆ · ಸಿಯಾಟಲ್

ಹಾಗಾದರೆ ಚೆಲ್ಲಬೇಕಾ?


ಕೊಳದಪ್ಪಲೆ · ನ್ಯೂಜೆರ್ಸಿ

ಚೆಲ್ಲಬೇಡಿ, ವಾಸನೆ ಚೆನ್ನಾಗಿದೆ ಅಂದಿದ್ದೀರಿ. ಎರಡು ಉಪಾಯ ಇದೆ.

ಒಂದು, ಈಗಲೇ 15 ನಿಮಿಷ ಕುದಿಸಿ ತಣಿಸಿ ಫಿಲ್ಲಿ ಸೌರ್ ಯೀಸ್ಟ್ ಹಾಕಿ. ಇದು ಲ್ಯಾಕಾನ್ಸಿಯಾ ಜಾತಿಯ ಯೀಸ್ಟ್, ಫಿಲಡೆಲ್ಫಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಗುರುತಿಸಿ ಬೆಳೆಸಿದ್ದು. ಆಲ್ಕೋಹಾಲ್ ಜೊತೆಗೆ ಲ್ಯಾಕ್ಟಿಕ್ ಆಸಿಡ್ಡನ್ನೂ ತಾನೇ ಮಾಡುತ್ತದೆ. ಯೀಸ್ಟ್ ಆದ್ದರಿಂದ ಹಾಪ್ಸ್ ಅದಕ್ಕೆ ಲೆಕ್ಕಕ್ಕಿಲ್ಲ. ಗ್ಲೂಕೋಸ್ ಇದ್ದಷ್ಟು ಆಸಿಡ್ ಹೆಚ್ಚು, ಹಾಗಾಗಿ ಕುದಿಯಲ್ಲಿ 300 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) ಸೇರಿಸಿ, 19 ಲೀಟರ್‌ನಲ್ಲಿ ಗ್ರಾವಿಟಿ ಆರು ಪಾಯಿಂಟ್ ಏರುತ್ತದೆ. 24–25 ಡಿಗ್ರಿಯಲ್ಲಿ ಬಿಡಿ. ಮೊದಲ ದಿನಗಳಲ್ಲಿ ಆಸಿಡ್, ನಂತರ ಆಲ್ಕೋಹಾಲ್. ಅರ್ಧದಾರಿಯಲ್ಲಿ ಮಂಕಾಗಿ ಕಂಡರೆ ಗಾಬರಿ ಬೇಡ. ಮಾಮೂಲಿ ಯೀಸ್ಟ್ ಜೊತೆಗೆ ಹಾಕಬೇಡಿ, ಅದು ಗ್ಲೂಕೋಸ್ ಮೊದಲೇ ತಿಂದುಬಿಡುತ್ತದೆ.

ಎರಡು, ಮಾಮೂಲಿ ಯೀಸ್ಟಿನಲ್ಲಿ ಗೋಧಿ ಬಿಯರ್ ಮಾಡಿ ಮುಗಿಸಿ, ಬಾಟಲಿಗೆ ಮುಂಚೆ 88 ಪರ್ಸೆಂಟ್ ಆಸಿಡ್ ಹಾಕುವುದು. 200 ಮಿ.ಲೀ. ಬಿಯರ್‌ಗೆ ಸಿರಿಂಜಿನಲ್ಲಿ 0.2 ಮಿ.ಲೀ.ಯಿಂದ ಶುರು ಮಾಡಿ ರುಚಿ ನೋಡುತ್ತಾ ಹೋಗಿ, ಹಿಡಿಸಿದ ಅಳತೆಯನ್ನು 95ರಿಂದ ಗುಣಿಸಿದರೆ 19 ಲೀಟರಿನ ಲೆಕ್ಕ. ರುಚಿ ಚಪ್ಪಟೆ, ಬರೀ ಹುಳಿ, ಹಿಂದೆ ಮುಂದೆ ಏನಿಲ್ಲ. ಆದರೂ ಚರಂಡಿಗಿಂತ ಮೇಲು.


ಈಸಾರ್‌ದಡ · ಮ್ಯೂನಿಕ್

ಕೊಳದಪ್ಪಲೆ ಅವರೇ, ಫಿಲ್ಲಿ ಸೌರ್ ಇರುವಾಗ ಕೆಟಲ್ ಸೌರ್ ಪಾಡು ಯಾಕೆ ಅಂತ ಈಗ ಯಾರಾದರೂ ಕೇಳೇ ಕೇಳುತ್ತಾರೆ.


ಕೊಳದಪ್ಪಲೆ · ನ್ಯೂಜೆರ್ಸಿ

ಕೇಳಲಿ. ಹುಳಿ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಹಕ್ಕು ಕೆಟಲ್ ಸೌರ್‌ನಲ್ಲಿ ನಿಮ್ಮದು, ಉರಿ ಹಚ್ಚಿದ ಕ್ಷಣ ನಿಂತಿತು. ಫಿಲ್ಲಿ ಸೌರ್‌ನಲ್ಲಿ ಅದು ಕೊಟ್ಟಷ್ಟು ತಗೊಳ್ಳಬೇಕು. ಯೀಸ್ಟ್ ಯಾವುದು ಅನ್ನುವ ಆಯ್ಕೆಯೂ ಹೋಯಿತು.

ಯೀಸ್ಟ್ ಮಾತು ಬಂದಿದ್ದರಿಂದ ಬಾಕಿ ತೀರಿಸುತ್ತೇನೆ. ಪಿಎಚ್ 3.4ರ ವರ್ಟ್‌ಗೆ ಯುಎಸ್-05 ಎಂಬ ಒಣ ಯೀಸ್ಟ್ ಚೆನ್ನಾಗಿ ಹೊಂದುತ್ತದೆ. 1.035ಕ್ಕೆ ಮಾಮೂಲಿಯಾಗಿ 11.5 ಗ್ರಾಂನ ಒಂದು ಪ್ಯಾಕೆಟ್ ಸಾಕು. ಹುಳಿ 3.3ಕ್ಕಿಂತ ಕೆಳಗೆ ಹೋಗಿದ್ದರೆ ಎರಡು ಹಾಕಿ. ಒಣ ಪುಡಿಯನ್ನು ನೇರ ಉದುರಿಸುವ ಬದಲು ಕುದಿಸಿ ಆರಿಸಿದ 120 ಮಿ.ಲೀ. ನೀರಿನಲ್ಲಿ 28 ಡಿಗ್ರಿಗೆ ಕಾಲು ಗಂಟೆ ನೆನೆಸಿ. ಎರಡನೇ ಕುದಿಯಲ್ಲಿ ಅರ್ಧ ಟೀ ಚಮಚ ಯೀಸ್ಟ್ ಪೋಷಕ. 18–20 ಡಿಗ್ರಿ, ಹತ್ತರಿಂದ ಹದಿನಾಲ್ಕು ದಿನ. ಎಕ್ಸ್‌ಟ್ರಾಕ್ಟ್ ವರ್ಟ್ 1.008ರ ಹತ್ತಿರ ನಿಲ್ಲುತ್ತದೆ, ಆಲ್ಕೋಹಾಲ್ 3.5 ಪರ್ಸೆಂಟ್ ಸುಮಾರು. ಧಾನ್ಯದಿಂದ ಮಾಡಿದ ಬರ್ಲಿನರ್ 1.004 ತನಕ ಒಣಗುತ್ತದೆ, ನಮ್ಮದು ಸ್ವಲ್ಪ ಸಿಹಿ ಉಳಿಸಿಕೊಳ್ಳುತ್ತದೆ. ಒಣ ಬೇಕೆನ್ನುವವರು 1.8 ಕೆಜಿಯಲ್ಲಿ 200 ಗ್ರಾಂ ಡಿಎಂಇ ತೆಗೆದು ಅಷ್ಟೇ ಡೆಕ್ಸ್‌ಟ್ರೋಸ್ ಹಾಕಲಿ.

ಮೂರು ದಿನ ಗ್ರಾವಿಟಿ ಕದಲದಿದ್ದರೆ ಬಾಟಲಿ. 20 ಡಿಗ್ರಿಯ 19 ಲೀಟರ್ ಬಿಯರಿಗೆ ಅಡುಗೆ ಮನೆ ಸಕ್ಕರೆ 140 ಗ್ರಾಂ, ಸುಮಾರು 2.8 ವಾಲ್ಯೂಮ್ ಗ್ಯಾಸ್, ಅಂದರೆ ಬಿಯರಿನ ಗಾತ್ರದ 2.8 ಪಟ್ಟು ಸಿಓ2. ಹುಳಿಯಲ್ಲಿ ಬಳಲಿದ ಯೀಸ್ಟ್ ಬಾಟಲಿಯಲ್ಲಿ ಮತ್ತೆ ಏಳದೆ ತಿಂಗಳಾದರೂ ಬಿಯರ್ ಸಪ್ಪೆಯಾಗಿ ಕೂರುವುದುಂಟು. ಇಸಿ-1118 ಶಾಂಪೇನ್ ಯೀಸ್ಟ್ 2 ಗ್ರಾಂ ನೆನೆಸಿ ಸಕ್ಕರೆ ಪಾಕದ ಜೊತೆ ಬೆರೆಸಿದರೆ ಆ ತಾಪತ್ರಯ ಇಲ್ಲ.


ಪುನರ್ಪುಳಿ · ಟೊರೊಂಟೊ

ಹಣ್ಣಿನ ವಿಷಯ ಯಾರೂ ಎತ್ತಲೇ ಇಲ್ಲ ಅಲ್ವಾ. ಇಂಡಿಯನ್ ಅಂಗಡಿಯ 850 ಗ್ರಾಂ ಮಾವಿನ ಪಲ್ಪ್ ಡಬ್ಬಿ 19 ಲೀಟರಿಗೆ ಎರಡು ಹಾಕುದು ಸಾಕು. ಹುದುಗು ಜೋರು ಇಳಿದ ಮೇಲೆ, ಐದಾರನೇ ದಿನಕ್ಕೆ. ಹಾಕುವ ಮೊದಲು ಲೇಬಲಿನಲ್ಲಿ ಸೋರ್ಬೇಟ್, ಬೆಂಜೋಯೇಟ್ ಉಂಟಾ ನೋಡಿ, ಇದ್ದರೆ ಯೀಸ್ಟಿಗೆ ಕಷ್ಟ. ಹೆಚ್ಚಿನ ಡಬ್ಬಿಗಳಲ್ಲಿ ಸಕ್ಕರೆ ಸೇರಿಸಿ ಇರ್ತದೆ, ಅದೂ ಪೂರಾ ಹುದುಗಿ ಮುಗಿಯಬೇಕು. ಗಡಿಬಿಡಿ ಮಾಡಿ ಬಾಟಲಿಗೆ ತುಂಬಿಸಿದ್ರೆ ಬಾಟಲಿ ಒಡೆಯುದು ಗ್ಯಾರಂಟಿ, ಗಾಜಿನ ಚೂರು ಯಾರ ಕಣ್ಣಿಗೂ ಹೋಗುದು ಬೇಡ ಮಾರಾಯ್ರೆ. ಮಾವಿನ ನಾರು ಅಡಿಯಲ್ಲಿ ಎರಡು ಲೀಟರ್ ಬಿಯರ್ ಹಿಡಿದು ಕೂರ್ತದೆ, ಆ ನಷ್ಟ ಲೆಕ್ಕಕ್ಕೆ ಹಿಡಿಯಿರಿ.

ಪುನರ್ಪುಳಿ ಹಾಕುವವರಿಗೆ: ಉಪ್ಪು ಹಾಕದ ಒಣ ಸಿಪ್ಪೆಯೇ ಬೇಕು. 60 ಗ್ರಾಂ ಸಿಪ್ಪೆ ಅರ್ಧ ಲೀಟರ್ ಬಿಸಿ ನೀರಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಒಮ್ಮೆ ಕುದಿಸಿ, ಬಾಟಲಿಗೆ ಎರಡು ದಿನ ಮುಂಚೆ ಸೇರಿಸಿ. ಅದರದ್ದೇ ಹುಳಿ ಉಂಟು, ಹಾಗಾಗಿ ಪಾತ್ರೆಯಲ್ಲಿ 3.5ಕ್ಕೇ ನಿಲ್ಲಿಸಿ. ಬಣ್ಣ ಮಾತ್ರ ನೋಡ್ಲಿಕ್ಕೆ ಚಂದ.


ಖಡಕ್‌ರೊಟ್ಟಿ · ಡಲ್ಲಾಸ್

ನನ್ನ ಎರಡು ಪ್ರಶ್ನೆ ಉಳದಾವ್ರಿ. ನೊರಿ ಯಾಕ ನಿಲ್ಲಂಗಿಲ್ಲ? ಸೋಡಾ ಥರ ಬುಸ್ ಅಂದು ಇಳದು ಹೋಗ್ತದ. ಮತ್ತ, ಪಾತ್ರಿ ನಳದಾಗ ಲ್ಯಾಕ್ಟೋ ಕುಂತು ಮುಂದಿನ ಬಿಯರಿಗೆ ಹೊಕ್ತದೋ ಹೆಂಗ?


ಸೂಕ್ಷ್ಮಾಣು · ಲೀಡ್ಸ್

ನೊರೆ ಹಿಡಿದಿಡುವುದು ಪ್ರೋಟೀನ್. ಹುಳಿ ಬರುವ ಅವಧಿಯಲ್ಲಿ ಬ್ಯಾಕ್ಟೀರಿಯಾದ ಕಿಣ್ವಗಳು ಅದನ್ನು ಕತ್ತರಿಸುತ್ತವೆ, ಪಿಎಚ್ 5ರ ಮೇಲೆ ಇದ್ದಾಗ ಈ ಕತ್ತರಿ ಚುರುಕು. ಮೊದಲೇ ಆಸಿಡ್ ಹಾಕುವುದರ ಇನ್ನೊಂದು ಲಾಭ ಇದು. 72 ಗಂಟೆ ಎಳೆಯದೆ 36ರೊಳಗೆ ಮುಗಿಸಿ. ಎಕ್ಸ್‌ಟ್ರಾಕ್ಟ್‌ನವರು ಬೇಕಾದರೆ ಎರಡನೇ ಕುದಿಯಲ್ಲಿ 150 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಹಾಕಬಹುದು. ಮೈಕಟ್ಟು ಬರುತ್ತದೆ, ನೊರೆಗೆ ಅಲ್ಪ ಸಹಾಯ. ಬರ್ಲಿನರ್‌ನಲ್ಲಿ ವೀಟ್ ಬಿಯರಿನಂಥ ದಿಂಬು ನೊರೆ ನಿರೀಕ್ಷಿಸಬೇಡಿ.

ನಳದ ಪ್ರಶ್ನೆ ಒಳ್ಳೆಯದು. ಫರ್ಮೆಂಟರ್, ಪೈಪು, ಬಾಟಲಿ ಇವಕ್ಕೆಲ್ಲ ಬರುವುದು ಎರಡನೇ ಕುದಿಯ ನಂತರದ ವರ್ಟ್, ಅವುಗಳಿಗೆ ಬೇರೆ ಸೆಟ್ ಬೇಕಿಲ್ಲ. ಆದರೆ ಪಾತ್ರೆಯ ಕೆಳಗಿನ ಬಾಲ್ ವಾಲ್ವ್ ಒಳಗೆ ಒಂದು ಚಮಚದಷ್ಟು ವರ್ಟ್ ಕೂತಿರುತ್ತದೆ. ಮೇಲೆ ಕುದಿಯುತ್ತಿದ್ದರೂ ಅಲ್ಲಿ 60–70 ಡಿಗ್ರಿ ದಾಟದಿರಬಹುದು. ಎರಡನೇ ಕುದಿಯ ನಡುವೆ ಎರಡು ಸಲ ನಳ ತೆರೆದು ಅರ್ಧರ್ಧ ಲೀಟರ್ ಕುದಿವ ವರ್ಟ್ ಹಿಡಿದು ವಾಪಸ್ ಮೇಲಿನಿಂದ ಸುರಿಯಿರಿ, ಕೈ ಜೋಪಾನ. ಕೆಲಸ ಮುಗಿದ ದಿನವೇ ವಾಲ್ವ್ ಬಿಚ್ಚಿ ಚೆಂಡಿನ ಹಿಂದಿನ ಜಿಡ್ಡು ಉಜ್ಜಿ ತೊಳೆದು ಕುದಿವ ನೀರಲ್ಲಿ ಹತ್ತು ನಿಮಿಷ ಹಾಕಿ.


ಹೊಸಗಡಿಗೆ · ಸಿಯಾಟಲ್

ಕುದಿಸಿ, ಡೆಕ್ಸ್‌ಟ್ರೋಸ್ 300 ಗ್ರಾಂ ಹಾಕಿ, ಫಿಲ್ಲಿ ಸೌರ್ ಒಂದು ಪ್ಯಾಕೆಟ್ ಹಾಕಿ ಆಯ್ತು. ಗ್ರಾವಿಟಿ 1.036, ಪಿಎಚ್ 4.3, 24 ಡಿಗ್ರಿ. ನಾಳೆ ಬೆಳಿಗ್ಗೆ ಅಳೆಯಬೇಕಾ?


ಕೊಳದಪ್ಪಲೆ · ನ್ಯೂಜೆರ್ಸಿ

ಬೇಡ, ಮುಚ್ಚಳ ಮುಟ್ಟಬೇಡಿ. ನಾಲ್ಕನೇ ದಿನ ಅಳೆದು ಸಂಖ್ಯೆ ಇಲ್ಲಿ ಹಾಕಿ. 3.5ರ ಸುತ್ತ ಇದ್ದರೆ ಸರಿದಾರಿಯಲ್ಲಿದೆ. ಅಷ್ಟರೊಳಗೆ ಹಾಪ್ಸ್ ಇಲ್ಲದ ಡಿಎಂಇ ಆರ್ಡರ್ ಮಾಡಿಡಿ, ಈ ಸಲ ಪದಾರ್ಥಗಳ ಸಾಲು ಕೊನೆಯ ಪದದ ತನಕ ಓದಿ.